1967 ಮಸ್ಟಾಂಗ್, ಫ್ಲೋರ್ ಪೂರ್ತಿ ತುಕ್ಕು: ಮಳೆಗಾಲದೊಳಗೆ ಎಂತೆಲ್ಲ ಮುಗಿಸಬಹುದು?

ಕಾಪು289:
ನಮಸ್ಕಾರ. ಗಾಡಿ 1967ರ ಫೋರ್ಡ್ ಮಸ್ಟಾಂಗ್ ಹಾರ್ಡ್‌ಟಾಪ್. 289 ವಿ8 ಎಂಜಿನ್, ಟೂ ಬ್ಯಾರೆಲ್ ಕಾರ್ಬುರೇಟರ್, ಸಿ4 ಆಟೋಮ್ಯಾಟಿಕ್ ಗೇರ್‌ಬಾಕ್ಸ್, ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್, ಲೆಫ್ಟ್ ಹ್ಯಾಂಡ್ ಡ್ರೈವ್. ಕಾಪುವಿನಲ್ಲಿ ಕಡಲಿನಿಂದ ಒಂದು ಕಿಲೋಮೀಟರ್ ದೂರದ ಶೆಡ್‌ನಲ್ಲಿ ಉಂಟು. ಎಂಜಿನ್ ಜಾಮ್ ಇಲ್ಲ, ಕೈಯಲ್ಲಿ ತಿರುಗ್ತದೆ, ಆದರೆ ವರ್ಷಗಟ್ಟಲೆ ಸ್ಟಾರ್ಟ್ ಆಗಿಲ್ಲ.

ಡ್ರೈವರ್ ಕಾಲಿಡುವಲ್ಲಿ ಅಂಗೈಯಷ್ಟು ತೂತು. ಆಚೆ ಸೈಡಿನಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಇಳಿಯುತ್ತದೆ. ಟಿಂಕರಿಂಗ್‌ನವರು ಹಳೇ ಫ್ಲೋರಿನ ಮೇಲೆಯೇ 2 ಎಂಎಂ ಶೀಟ್ ಇಟ್ಟು ರಿವೆಟ್ ಹೊಡೆದು ಡಾಂಬರು ಬಳಿದರೆ ಸಾಕು ಹೇಳ್ತಾರೆ. ಅದು ಆಗ್ತದಾ? ಈಗ ಫೆಬ್ರವರಿ, ಜೂನ್ ಒಳಗೆ ಬಾಡಿ ಮತ್ತು ಪೇಂಟ್ ಎರಡೂ ಮುಗಿಸಬೇಕು ಅಂತ ಉಂಟು. ಮುಂದೆ ಡಿಸ್ಕ್ ಬ್ರೇಕ್ ಹಾಕಿಸಬೇಕು. ಈಗಿನ ಇ20 (20 ಶೇಕಡಾ ಎಥನಾಲ್ ಬೆರೆಸಿದ) ಪೆಟ್ರೋಲಿಗೆ ಎಂತ ಬದಲಿಸಬೇಕು ಅಂತಲೂ ಹೇಳಿ.

ಬೈಕಂಪಾಡಿ ಟಿಂಕರ್:
ರಿವೆಟ್ ಶೀಟ್ ಬೇಡವೇ ಬೇಡ ಮಾರಾಯ್ರೆ. ಎರಡು ತಗಡಿನ ನಡುವೆ ನೀರು ನಿಂತರೆ ಮೇಲಿನ ಡಾಂಬರು ಅದನ್ನು ಒಣಗಲಿಕ್ಕೆ ಬಿಡುವುದಿಲ್ಲ. ಎರಡೇ ಮಳೆಗಾಲದಲ್ಲಿ ಹೊಸ ಶೀಟೂ ಹೋಯ್ತು. ಅದೂ ಅಲ್ಲದೆ ಈ ಗಾಡಿಗೆ ಬೇರೆ ಷಾಸಿ ಇಲ್ಲ, ಫ್ಲೋರು, ಅದರ ಕೆಳಗಿನ ಉದ್ದ ತೊಲೆ ಅಂದರೆ ರೈಲು, ಬಾಗಿಲಿನ ಕೆಳಗಿನ ರಾಕರ್ ಎಲ್ಲ ಸೇರಿಯೇ ಷಾಸಿ. ರಿವೆಟ್ ಹೊಡೆದ ಶೀಟ್ ಭಾರ ಹೊರುವುದಿಲ್ಲ.

ಆದರೆ ಫ್ಲೋರಿಗೆ ಕೈ ಹಾಕುವ ಮೊದಲು ನೀರು ಎಲ್ಲಿಂದ ಬಂತು ನೋಡಿ. ಈ ಮಾಡೆಲಿನಲ್ಲಿ ಫ್ಲೋರು ಹೆಚ್ಚಾಗಿ ಮೇಲಿನಿಂದ ಹಾಳಾಗುವುದು, ಕೆಳಗಿನಿಂದ ಅಲ್ಲ. ಬಾನೆಟ್ ಹಿಂದೆ, ವಿಂಡ್‌ಶೀಲ್ಡ್ ಕೆಳಗೆ ಜಾಲರಿ ಉಂಟಲ್ಲ, ಅದರ ಒಳಗೆ ಎರಡು ತಗಡು ಸೇರಿಸಿ ಮಾಡಿದ ಪೆಟ್ಟಿಗೆ ಇದೆ. ಅದೇ ಕೌಲ್. ಅದರ ತಳದಲ್ಲಿ ಗಾಳಿ ಒಳಗೆ ಬರಲಿಕ್ಕೆ ಎರಡು ತೂತು, ಒಂದು ಹೀಟರ್ ಪೆಟ್ಟಿಗೆಗೆ, ಇನ್ನೊಂದು ಡ್ರೈವರ್ ಸೈಡಿನ ವೆಂಟಿಗೆ. ಮಳೆನೀರು ಕ್ಯಾಬಿನ್‌ಗೆ ಇಳಿಯದ ಹಾಗೆ ತೂತಿನ ಸುತ್ತ ಟೊಪ್ಪಿಯ ಹಾಗೆ ಎದ್ದ ಕಾಲರ್. ಮಾವಿನ ಹೂವು, ಹಲಸಿನ ಎಲೆ ಬಿದ್ದು ಕೊಳೆತು ಆ ಕಾಲರಿನ ಬುಡ ತುಕ್ಕು ಹಿಡಿಯುತ್ತದೆ. ಆಮೇಲೆ ಬರುವ ಪ್ರತಿ ಮಳೆಯೂ ಸೀದಾ ನಿಮ್ಮ ಕಾಲಿನ ಮೇಲೆ.

ಪರೀಕ್ಷೆ ಸುಲಭ. ಒಬ್ಬರು ಡ್ಯಾಶ್ ಕೆಳಗೆ ಟಾರ್ಚ್ ಹಿಡಿದು ಮಲಗಿ, ಇನ್ನೊಬ್ಬರು ಜಾಲರಿಯ ಒಂದೊಂದೇ ತುದಿಗೆ ಪೈಪಿನಿಂದ ಮೆಲ್ಲ ನೀರು ಬಿಡಿ. ವಿಂಡ್‌ಶೀಲ್ಡ್ ಮೇಲೆ ನೀರು ಬೀಳಬಾರದು, ಇಲ್ಲದಿದ್ದರೆ ಸೋರುವುದು ಗಾಜಿನ ರಬ್ಬರೋ ಕೌಲೋ ಗೊತ್ತಾಗುವುದಿಲ್ಲ. ನೀರು ಎರಡೂ ಬದಿಯ ಫೆಂಡರಿನ ಹಿಂದೆ ಹೊರಗೆ ಹೋಗಬೇಕು. ಹೋಗದಿದ್ದರೆ ಡ್ರೈನ್ ಕಟ್ಟಿಕೊಂಡಿದೆ.

ಕಾಪು289:
ನೋಡಿದೆ. ಎರಡೂ ಕಡೆ ಸೋರ್ತದೆ, ಡ್ರೈವರ್ ಸೈಡಿನಲ್ಲಿ ಜಾಸ್ತಿ. ಬಿಚ್ಚದೆ ಜಾಲರಿಯ ಮೇಲಿನಿಂದಲೇ ಸೀಲೆಂಟ್ ಹಾಕಲಿಕ್ಕೆ ಆಗ್ತದಾ?

ಬೈಕಂಪಾಡಿ ಟಿಂಕರ್:
ಕೆಳಗಿನಿಂದ ಪ್ಲಾಸ್ಟಿಕ್ ಕಾಲರ್ ತೂರಿಸಿ ಪಾಲಿಯುರೆಥೇನ್ ಸೀಲೆಂಟಿನಲ್ಲಿ ಅಂಟಿಸುವವರು ಇದ್ದಾರೆ. ತುಕ್ಕಿನ ಮೇಲೆ ಸೀಲೆಂಟ್ ಕಚ್ಚುವುದಿಲ್ಲ, ಆ ಜಾಗಕ್ಕೆ ವೈರ್ ಬ್ರಷ್ ಸರಿಯಾಗಿ ಹೋಗುವುದೂ ಇಲ್ಲ. ಗಾಡಿ ಓಡುವ ಸ್ಥಿತಿಯಲ್ಲಿ ಇದ್ದು ಒಂದು ವರ್ಷ ದಾಟಿಸಬೇಕಾದರೆ ಸರಿ. ನೀವು ಹೇಗೂ ಬಿಚ್ಚಿ ಕೂತವರು, ಸರಿಯಾಗಿಯೇ ಮಾಡಿ.

ಬಾನೆಟ್, ಎರಡೂ ಫೆಂಡರ್, ವೈಪರ್, ವಿಂಡ್‌ಶೀಲ್ಡ್ ಹೊರಗೆ. ಮೇಲಿನ ತಗಡಿನ ಸ್ಪಾಟ್ ವೆಲ್ಡ್‌ಗಳನ್ನು 8 ಎಂಎಂ ಸ್ಪಾಟ್ ವೆಲ್ಡ್ ಕಟರ್‌ನಲ್ಲಿ ಮೇಲಿನ ತಗಡಿನಷ್ಟೇ ಆಳ ಕೊರೆಯಬೇಕು. ಸಾದಾ ಡ್ರಿಲ್ ಬಿಟ್ ಕೆಳಗಿನ ತಗಡಿಗೂ ಇಳಿಯುತ್ತದೆ. ಒಂದನ್ನೂ ಬಿಟ್ಟು ಎಳೆಯಬೇಡಿ, ತಗಡು ಹರಿಯುತ್ತದೆ. ಕಾಲರಿನ ಸುತ್ತ ಗಟ್ಟಿ ತಗಡು ಸಿಗುವ ತನಕ ಕತ್ತರಿಸಿ ಹೊಸ ತುಂಡು ಬೆಸೆಯಿರಿ, ಎಪಾಕ್ಸಿ ಪ್ರೈಮರ್ ಹೊಡೆಯಿರಿ, ಜೋಡಣೆಗಳಿಗೆಲ್ಲ ಸೀಮ್ ಸೀಲರ್ ಹಾಕಿ. ಮುಚ್ಚುವ ಮೊದಲು ಬಕೆಟ್ ನೀರು ಹೊಯ್ದು ಮತ್ತೊಮ್ಮೆ ನೋಡಿ. ಮುಚ್ಚಿದ ಮೇಲೆ ಸೋರಿದರೆ ಪುನಃ ಅಷ್ಟೂ ಸ್ಪಾಟ್ ಕೊರೆಯಬೇಕು.

ಫ್ಲೋರು ಆಮೇಲೆ. ಕತ್ತರಿಸುವ ಮೊದಲು ಬಾಗಿಲಿನ ಜಾಗಕ್ಕೆ ಅಡ್ಡ 25 ಎಂಎಂ ಚೌಕ ಪೈಪ್ ಬೆಸೆದು, ಬಾಗಿಲಿನ ಗ್ಯಾಪ್ ಮತ್ತು ಕರ್ಣದ ಅಳತೆ ಬರೆದಿಡಿ. ಗಾಡಿ ನಾಲ್ಕು ಸ್ಟ್ಯಾಂಡ್ ಮೇಲೆ ಲೆವೆಲ್ ಇರಲಿ. ಒಂದು ಸೈಡ್ ಪೂರ್ತಿ ಮುಗಿಸಿಯೇ ಇನ್ನೊಂದು. ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ನಡು ಕುಸಿದು ಬಾಗಿಲು ಮತ್ತೆ ಕೂರುವುದಿಲ್ಲ.

ಶೀಟ್ 20 ಗೇಜ್ ಸಿಆರ್‌ಸಿ (ಕೋಲ್ಡ್ ರೋಲ್ಡ್ ಉಕ್ಕಿನ ತಗಡು) ಸಾಕು, ಅಂದರೆ 0.9 ಎಂಎಂ. 2 ಎಂಎಂ ಶೀಟಿಗೆ ಬೇಕಾದ ಕರೆಂಟ್ ಕೊಟ್ಟರೆ ಪಕ್ಕದ ಹಳೇ ತಗಡು ಉರಿದು ತೂತಾಗ್ತದೆ. ಮಿಗ್ ವೆಲ್ಡಿಂಗ್, 0.8 ವೈರ್, ಆರ್ಗಾನ್ ಮಿಕ್ಸ್. ಒಂದು ಸೆಂಟಿಮೀಟರಿಗಿಂತ ಉದ್ದ ಎಳೆಯಬೇಡಿ, ಟ್ಯಾಕ್ ಹಾಕಿ ಗೇಣು ದೂರ ಹೋಗಿ ಇನ್ನೊಂದು ಹಾಕಿ. ಗ್ಯಾಸ್ ವೆಲ್ಡಿಂಗ್ ಮಾಡಿದರೆ ಫ್ಲೋರು ಹಪ್ಪಳದ ಹಾಗೆ ಏಳ್ತದೆ. ರೈಲಿನ ಮೇಲೆ ಕೂರುವಲ್ಲಿ ಹೊಸ ಶೀಟಿಗೆ 8 ಎಂಎಂ ತೂತು ಹೊಡೆದು ಆ ತೂತು ತುಂಬುವ ಹಾಗೆ ಪ್ಲಗ್ ವೆಲ್ಡ್, ನಡುವೆ ಝಿಂಕ್ ಪ್ರೈಮರ್. ಹಳೇ ಫ್ಲೋರು ತೆಗೆದಾಗ ಕೆಳಗಿನ ರೈಲನ್ನು ಸುತ್ತಿಗೆಯಿಂದ ತಟ್ಟಿ. ಟಣ್ ಅಂದರೆ ಸರಿ, ಸದ್ದು ಮಂದವಾದರೆ ಅದೂ ಹೋಗಿದೆ, ಅಲ್ಲಿಗೆ 2 ಎಂಎಂ ಬೇಕು. ಮುಂದಿನ ಶಾಕ್ ಟವರಿನಲ್ಲಿ (ಸಸ್ಪೆನ್ಷನ್ ಕೂರುವ ತಗಡಿನ ಗೋಪುರ) ಸಸ್ಪೆನ್ಷನ್‌ನ ಮೇಲಿನ ಆರ್ಮ್ ಕೂರುವಲ್ಲಿ ಬಿರುಕು ಉಂಟಾ ನೋಡಿಕೊಳ್ಳಿ. ಪೇಂಟ್ ಕೆರೆಯದೆ ಅದು ಕಾಣುವುದಿಲ್ಲ.

ಪೇಂಟ್ ಜೂನ್ ಒಳಗೆ ಆಗಲಿಕ್ಕಿಲ್ಲ, ಅವಸರ ಮಾಡಬೇಡಿ. ಮೇ ಮುಗಿಯುವಾಗ ಇಡೀ ಬಾಡಿ ಎಪಾಕ್ಸಿ ಪ್ರೈಮರಿನಲ್ಲಿ ಇದ್ದರೆ ಸಾಕು. ಸಾದಾ ಪ್ರೈಮರ್ ನೀರು ಹೀರುತ್ತದೆ, ಅದನ್ನು ಹೊಡೆದು ಮಳೆಗಾಲ ಕಳೆಯಬೇಡಿ. ತಗಡಿನ ತಾಪ ಡ್ಯೂ ಪಾಯಿಂಟಿಗಿಂತ, ಅಂದರೆ ಗಾಳಿಯ ತೇವ ಹನಿಯಾಗುವ ತಾಪಕ್ಕಿಂತ, 3 ಡಿಗ್ರಿಯಾದರೂ ಮೇಲಿರಬೇಕು. ಜುಲೈಯಲ್ಲಿ ನಮ್ಮ ಊರಿನ ಶೆಡ್‌ನಲ್ಲಿ ಅದು ಸಿಗುವುದು ಅಪರೂಪ, ಪೇಂಟ್ ಬೆಳ್ಳಗೆ ಮಂಕಾಗ್ತದೆ ಅಥವಾ ಆಮೇಲೆ ಗುಳ್ಳೆ ಬರ್ತದೆ. ನವೆಂಬರ್ ತನಕ ಕಾಯಿರಿ.

ಮಲ್ಪೆ ಸ್ಪಾನರ್:
ಬಾಡಿ ಬಗ್ಗೆ ಟಿಂಕರಣ್ಣ ಹೇಳಿದ್ದೇ ಸರಿ. ಉಳಿದದ್ದು ನಾನು ಹೇಳ್ತೇನೆ.

ಮೊದಲು ಸ್ಪಾನರ್. ಇದರ ನಟ್ ಬೋಲ್ಟ್ ಎಲ್ಲ ಇಂಚಿನದ್ದು. 1/2 ಇಂಚು ಅಂದರೆ 12.7 ಎಂಎಂ, 13ರ ಸ್ಪಾನರ್ ಕೂತ ಹಾಗೆ ಕಾಣ್ತದೆ, ತುಕ್ಕು ಹಿಡಿದ ಬೋಲ್ಟಿಗೆ ಹಾಕಿ ಎಳೆದರೆ ಮೂಲೆ ಉರುಟಾಗ್ತದೆ. ಹಳೇ ಜೀಪ್ ರಿಪೇರಿ ಮಾಡುವವರ ಹತ್ತಿರ ಇಂಚಿನ ಸೆಟ್ ಇರ್ತದೆ.

ಡಿಸ್ಕ್ ಹಾಕುವಾಗ ಎಲ್ಲರೂ ಎಡವುವುದು ಮಾಸ್ಟರ್ ಸಿಲಿಂಡರಿನಲ್ಲಿ, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವುದು ಅದೇ. 1967ರಲ್ಲಿ ಹಿಂದೆ-ಮುಂದೆ ಬೇರೆ ಬೇರೆ ಎರಡು ಸರ್ಕ್ಯೂಟಿನದ್ದು ಬಂತು, ಒಳ್ಳೆಯದೇ. ಆದರೆ ಡ್ರಮ್ಮಿನ ಮಾಸ್ಟರಿನ ಔಟ್‌ಲೆಟ್‌ನಲ್ಲಿ ಸುಮಾರು 10 ಪಿಎಸ್‌ಐ ಹಿಡಿದಿಡುವ ರೆಸಿಡುಯಲ್ ವಾಲ್ವ್ ಉಂಟು. ಅದನ್ನೇ ಡಿಸ್ಕಿಗೆ ಕೊಟ್ಟರೆ ಪ್ಯಾಡ್ ಬಿಡುವುದೇ ಇಲ್ಲ, ಮಂಗಳೂರಿನ ಪಂಪ್‌ವೆಲ್ ಸರ್ಕಲ್ ದಾಟುವಷ್ಟರಲ್ಲಿ ಚಕ್ರ ಕೆಂಡ. ಡಿಸ್ಕ್-ಡ್ರಮ್‌ಗೆಂದೇ ಮಾಡಿದ ಮಾಸ್ಟರ್ ತರಿಸಿ, ಹಿಂದಿನ ಲೈನಿಗೆ ಒತ್ತಡ ತಗ್ಗಿಸುವ ಪ್ರಪೋರ್ಷನಿಂಗ್ ವಾಲ್ವ್ ಹಾಕಿ. ಇಲ್ಲದಿದ್ದರೆ ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ತಿರುಗಿ ನಿಲ್ಲುತ್ತದೆ. ಪೈಪ್ 3/16 ಇಂಚಿನ ಕಾಪರ್-ನಿಕಲ್, ಡಬಲ್ ಫ್ಲೇರ್. ಕಡಲ ಬದಿಗೆ ಉಕ್ಕಿನ ಪೈಪ್ ಬೇಡ.

ಇ20ಗೆ ಗಾಳಿ-ಪೆಟ್ರೋಲ್ ಅನುಪಾತ ಸುಮಾರು 13.5 ಬೇಕು, ಶುದ್ಧ ಪೆಟ್ರೋಲಿಗೆ 14.7. ಅಂದರೆ ಸುಮಾರು 9 ಶೇಕಡಾ ಹೆಚ್ಚು ಪೆಟ್ರೋಲ್. ಜೆಟ್ಟಿನ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತು) ವ್ಯಾಸದಲ್ಲಿ ಲೆಕ್ಕ ಹಾಕಿದರೆ 4 ಶೇಕಡಾ, ಆಟೋಲೈಟ್ ಕಾರ್ಬುರೇಟರಿನಲ್ಲಿ ಈಗಿನದಕ್ಕಿಂತ ಎರಡು ನಂಬರು ದೊಡ್ಡದು. ಹಾಕಿ ಓಡಿಸಿ ಪ್ಲಗ್ ಬಣ್ಣ ನೋಡಿ. ಪಂಪ್ ಡಯಾಫ್ರಾಮ್, ಪವರ್ ವಾಲ್ವ್, ಹೋಸ್ ಎಲ್ಲ ಎಥನಾಲ್ ತಡೆಯುವ ರಬ್ಬರಿನದ್ದೇ ಬೇಕು. ಹಳೆಯದು ಮೆತ್ತಗಾಗಿ ಉಬ್ಬುತ್ತದೆ, ಚೂರು ಹೋಗಿ ಜೆಟ್ ಕಟ್ಟುತ್ತದೆ. ಎಥನಾಲ್ ತೇವ ಎಳೆಯುವ ಕಾರಣ ನಿಲ್ಲಿಸುವ ಗಾಡಿಗೆ ಟ್ಯಾಂಕ್ ತುಂಬಿಸಿಡಿ ಅಥವಾ ಪೂರ್ತಿ ಖಾಲಿ ಮಾಡಿ, ಅರ್ಧ ಬೇಡ. ಈ ಗಾಡಿಯಲ್ಲಿ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ಫ್ಲೋರು. ಹಾಗಾಗಿ ಕೂರಿಸುವಾಗ ಸುತ್ತ ಸೀಲರ್ ಮರೆಯಬೇಡಿ.

ಸ್ಟಾರ್ಟ್ ಮಾಡುವ ಮೊದಲು ಪ್ಲಗ್ ತೆಗೆದು ಸಿಲಿಂಡರಿಗೆ ಎರಡು ಚಮಚ ಆಯಿಲ್ ಬಿಡಿ. ರೋಟರ್ ಎತ್ತ ನೋಡ್ತಿದೆ ಗುರುತು ಹಾಕಿ ಡಿಸ್ಟ್ರಿಬ್ಯೂಟರ್ ತೆಗೆಯಿರಿ, 1/4 ಇಂಚಿನ ಸಾಕೆಟಿನಲ್ಲಿ ಆಯಿಲ್ ಪಂಪಿನ ರಾಡನ್ನು ಡ್ರಿಲ್‌ನಿಂದ ಎಡಕ್ಕೆ ತಿರುಗಿಸಿ ಪ್ರೆಷರ್ ಬರಿಸಿ. ಸಾಕೆಟ್ ಎಳೆಯುವಾಗ ರಾಡ್ ಅದಕ್ಕೆ ಕಚ್ಚಿ ಮೇಲೆ ಬಂದು ಕೆಳಗಿನ ಆಯಿಲ್ ಸಂಪ್‌ನೊಳಗೆ ಬಿದ್ದರೆ ಸಂಪ್ ಇಳಿಸದೆ ಬೇರೆ ದಾರಿ ಇಲ್ಲ.

ಕೆಎ20 ಕಾಗದಪತ್ರ:
ಒಂದು ಮಾತು, ಕತ್ತರಿ ಹಾಕುವ ಮೊದಲೇ. 2021ರ ವಿಂಟೇಜ್ ನಿಯಮದಲ್ಲಿ ವಿಎ ನಂಬರ್ (ಹಳೇ ಗಾಡಿಗಳಿಗೆ ಕೊಡುವ ವಿಶೇಷ ರಿಜಿಸ್ಟ್ರೇಷನ್ ನಂಬರ್) ಬೇಕಾದರೆ ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರಬೇಕು, ಷಾಸಿ, ಬಾಡಿ ಶೆಲ್, ಎಂಜಿನ್ ದೊಡ್ಡ ಮಟ್ಟಿಗೆ ಬದಲಾಗಿರಬಾರದು. ಹಾಗೆ ಮೂಲ ಆಕಾರಕ್ಕೇ ಫ್ಲೋರು, ಕೌಲ್ ಬೆಸೆಯುವುದು ರಿಪೇರಿ. ಬೇರೆ ಎಂಜಿನ್ ಇಳಿಸಿದರೆ ಮಾತು ಬೇರೆ. ಕತ್ತರಿಸುವ ಮೊದಲು, ಆಮೇಲೆ ಎರಡೂ ಫೋಟೋ ತೆಗೆದಿಡಿ. ಡ್ರಮ್ ಬ್ರೇಕಿನ ಸಾಮಾನು ಗುಜರಿಗೆ ಹಾಕಬೇಡಿ. ವಿಎ ಆದ ಮೇಲೆ ದಿನಾ ಓಡಿಸುವ ಹಾಗಿಲ್ಲ, ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲಿಗೆ ಹೋಗಿ ಬರುವುದು ಅಷ್ಟೆ. ವಾರಕ್ಕೊಮ್ಮೆ ಮಣಿಪಾಲಕ್ಕೆ ಹೋಗುವ ಆಸೆ ಇದ್ದರೆ ಈಗಿನ ರಿಜಿಸ್ಟ್ರೇಷನ್ನೇ ನವೀಕರಿಸಿ.

ಕಾಪು289:
ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಕೌಲ್‌ನಿಂದಲೇ ಶುರು. ವಿಂಡ್‌ಶೀಲ್ಡ್ ಒಡೆಯದೆ ತೆಗೆಯುವುದು ಹೇಗೆ?

ಬೈಕಂಪಾಡಿ ಟಿಂಕರ್:
1967ರದ್ದು ರಬ್ಬರ್ ಬೀಡಿಂಗಿನಲ್ಲಿ ಕೂತ ಗಾಜು. ಒಳಗಿನಿಂದ ಕಾಲಲ್ಲಿ ಒತ್ತಿ ತೆಗೆಯಲಿಕ್ಕೆ ಹೋಗಬೇಡಿ. ಸುತ್ತಲಿನ ಸ್ಟೀಲ್ ಪಟ್ಟಿ ತೆಗೆದು, ಹೊರಗಿನ ರಬ್ಬರ್ ತುಟಿಯನ್ನು ಬ್ಲೇಡಿನಿಂದ ಪೂರ್ತಿ ಕತ್ತರಿಸಿ, ಗಾಜು ತಾನಾಗಿ ಬರ್ತದೆ, ಇಬ್ಬರು ಹಿಡಿಯಿರಿ. ರಬ್ಬರ್ ಹೇಗೂ ಹೊಸದೇ ಹಾಕಬೇಕು, ಈಗಲೇ ಆರ್ಡರ್ ಮಾಡಿ. ವಾಪಸ್ ಕೂರಿಸುವಾಗ ರಬ್ಬರಿನ ಒಳ ಸಂದಿಗೆ ನೈಲಾನ್ ಹಗ್ಗ ಸುತ್ತಿ, ಸೋಪು ನೀರು ಸವರಿ, ಒಬ್ಬರು ಹೊರಗಿನಿಂದ ಅಂಗೈಯಲ್ಲಿ ಒತ್ತುತ್ತಾ ಇರುವಾಗ ಇನ್ನೊಬ್ಬರು ಒಳಗಿನಿಂದ ಹಗ್ಗ ಎಳೆಯಬೇಕು. ಕೆಳಗಿನ ನಡುವಿನಿಂದ ಶುರು ಮಾಡಿ.