ಸಿಂಗಾಪುರಕ್ಕ ಕೂಸು ಕರ್ಕೊಂಡು ಹೋಗೂದಂದ್ರ

ಬೆಳಗಾವಿ ಟಿಳಕವಾಡಿ. ಚಹಾದಂಗಡಿ ಮುಂದಿನ ಬಾಕಿನ ಮ್ಯಾಲೆ ನಾಲ್ಕು ಮಂದಿ. ಬಸ್ಯಾ ಎರಡೂವರಿ ವರ್ಷದ ಮಗಳನ್ನ ಕರ್ಕೊಂಡು ನಾಲ್ಕು ದಿನ ಸಿಂಗಾಪುರಕ್ಕ ಹೊಂಟಾನ. ಶಂಕ್ರಣ್ಣಂದು ಟಿಕೆಟ್, ವೀಸಾ ಮಾಡಿಸೂ ಕೆಲಸ. ಅನಸೂಯಕ್ಕ ಮಕ್ಕಳ ದವಾಖಾನಿಯಾಗ ನರ್ಸ್. ಗಿರ್ಯಾಗ ಕೆಲಸ ಕಡಿಮಿ, ಅಭಿಪ್ರಾಯ ಭಾಳ.

ಬಸ್ಯಾ: ಪ್ಲ್ಯಾನ್ ಬರದೇನಿ ನೋಡ್ರಿ. ಮೊದಲನೇ ದಿನ ಝೂ, ಸೆಂಟೋಸಾ, ಮರ್ಲಯನ್, ರಾತ್ರಿ ನೈಟ್ ಸಫಾರಿ.

ಗಿರ್ಯಾ: ಕೂಸು ಎಲ್ಲೆಲ್ಲಿ ಅಳಬೇಕು ಅಂತ ಬರದಿಲ್ಲಲ್ಲೋ.

ಶಂಕ್ರಣ್ಣ: ಹರದ ಒಗಿ ಅದನ್ನ. ದಿನಕ್ಕ ಎರಡ ಜಾಗಾ, ಮುಂಜಾನೆ ಒಂದು, ಸಂಜಿಗೆ ಒಂದು. ನಡುವ 1ರಿಂದ 4ರ ತನಕ ರೂಮಿನಾಗ ಕೂಸಿನ ನಿದ್ದಿ. ಅಲ್ಲಿ ಸೆಕಿ ಅಂದ್ರ ಮೈ ಆರೂದ ಇಲ್ಲ, ಮಧ್ಯಾಹ್ನ ಗುಡುಗು ಮಳಿ ಬ್ಯಾರೆ. ಅದಕ್ಕ ಹೋಟೆಲ್ಲು ಎಂಆರ್‌ಟಿ, ಅಂದ್ರ ಅಲ್ಲಿನ ಮೆಟ್ರೋ ರೈಲಿನ ಸ್ಟೇಶನ್ನಿಂದ ಐದು ನಿಮಿಷದ ನಡಿಗಿ ಒಳಗ ಇರಬೇಕು. ಸ್ವಸ್ತ ಅಂತ ದೂರ ಹಿಡದ್ರ ಮಧ್ಯಾಹ್ನ ವಾಪಸ್ ಬರಾಕ ಮನಸ್ಸ ಆಗೂದಿಲ್ಲ. ಕೂಸು ತಳ್ಳೂ ಗಾಡಿಯಾಗ ಅರ್ಧಾ ನಿದ್ದಿ ಮಾಡತೈತಿ, ಸಂಜಿ ಆರಕ್ಕ ಶುರು ಆತು ರಂಪಾಟ.

ಅನಸೂಯಕ್ಕ: ತಾಸಿನ ಲೆಕ್ಕಾನೂ ಹೇಳ್ರಿ ಅವಂಗ.

ಶಂಕ್ರಣ್ಣ: ಹಾಂ, ಅದ ಮುಖ್ಯ. ಸಿಂಗಾಪುರ ನಮಗಿಂತ ಎರಡೂವರಿ ತಾಸು ಮುಂದ. ಝೂ ಮುಂಜಾನೆ 8:30ಕ್ಕ ತೆರೀತೈತಿ, ನಿನ್ನ ಮಗಳ ಹೊಟ್ಟಿಗೆ ಆಗ ಬೆಳಗಾವಿಯ 6 ಗಂಟೆ. ಅಷ್ಟ ಲಗೂ ಎಬ್ಬಿಸಿದ್ರ ಆನಿ ನೋಡಿದ್ರೂ ಅಳತೈತಿ, ಮಂಗ್ಯಾ ನೋಡಿದ್ರೂ ಅಳತೈತಿ. ಸಂಜಿ ಮಾತ್ರ ನಿನ್ನ ಕಡೆ. ಗಾರ್ಡನ್ಸ್ ಬೈ ದ ಬೇ ಅನ್ನೂ ತೋಟದಾಗ ಗಿಡದಂಗ ಕಟ್ಟಿದ ದೊಡ್ಡ ಗೋಪುರಗಳ ಲೈಟ್ ಶೋ 7:45ಕ್ಕೊಂದು, 8:45ಕ್ಕೊಂದು, ಪುಕ್ಕಟೆ. 7:45 ಅಂದ್ರ ಇಲ್ಲಿ 5:15, ಕೂಸು ಅವಾಗ ಹುರುಪಿನಾಗ ಇರತೈತಿ.

ಗಿರ್ಯಾ: ರಾತ್ರಿ ಯಾವಾಗ ಮಲಗಸೂದು?

ಅನಸೂಯಕ್ಕ: ನಾಲ್ಕ ದಿನದ ಸಲುವಾಗಿ ಕೂಸಿನ ಗಡಿಯಾರ ಪೂರಾ ತಿರವಾಕ ಹೋಗಬ್ಯಾಡ್ರಿ. ಅಲ್ಲಿ 10:30ಕ್ಕ ಮಲಗಲಿ, 8:30ಕ್ಕ ಏಳಲಿ. ಇಲ್ಲಿ 8ಕ್ಕ ಮಲಗಿ 6ಕ್ಕ ಎದ್ದಂಗ ಆತು. ಪರದೆ ಗಟ್ಟಿ ಎಳೀರಿ, ಹೋಟೆಲಿನ ನಾಷ್ಟಾ ಎಷ್ಟಕ್ಕ ಮುಗೀತೈತಿ ಕೇಳಿ ಇಟ್ಕೊರಿ.

ಬಸ್ಯಾ: ಹಂಗಾರ ಝೂ ಬಿಡ್ಲೇನು?

ಶಂಕ್ರಣ್ಣ: ಬಿಡಬ್ಯಾಡೋ, ಹತ್ತರ ಸುಮಾರಿಗೆ ಹೋಗು. ಅದು ಮಂಡಾಯ್‌ದಾಗ, ಊರಿಂದ ದೂರ. ಖತೀಬ್ ಸ್ಟೇಶನ್ನಿನಾಗ ಇಳದು ಶಟಲ್ ಬಸ್ ಹಿಡೀಬೇಕು. ಅವತ್ತ ನಡುವಿನ ನಿದ್ದಿ ಗಾಡಿಯಾಗನ, ಅದಕ್ಕ ಸಂಜಿಗೆ ಬ್ಯಾರೆ ಏನೂ ಇಟ್ಕೋಬ್ಯಾಡ. ಗಾರ್ಡನ್ಸ್ ಒಳಗಿನ ಮಕ್ಕಳ ತೋಟದಾಗ ನೀರಾಟ ಐತಿ, ಅದೂ ಪುಕ್ಕಟೆ, ಆದ್ರ ಸೋಮವಾರ ಬಂದ್. ಸೋಮವಾರ ಹೋಗಿ ಗೇಟಿನ ಮುಂದ ನಿಂತ್ರ ಕೂಸಿಗೆ ಏನಂತ ಹೇಳ್ತಿ?

ಬಸ್ಯಾ: ಅಲ್ಲಿ ತಿರಗಾಡೂದಾದ್ರೂ ಸಸಾರನೋ ಇಲ್ಲೋ?

ಶಂಕ್ರಣ್ಣ: ಸ್ಟೇಶನ್ನಿನಾಗ ಲಿಫ್ಟ್ ಅದಾವು, ಮಡಚೂ ಗಾಡಿ ಇದ್ರ ಸಾಕು. 90 ಸೆಂಟಿಮೀಟರಿಗಿಂತ ಗಿಡ್ಡ ಇದ್ದ ಕೂಸಿಗೆ ಬಸ್ಸು, ರೈಲು ಪುಕ್ಕಟೆ. ಅದಕ್ಕಿಂತ ಎತ್ತರ ಇದ್ರ, ಏಳು ವರ್ಷದೊಳಗ ಪುಕ್ಕಟೆ ಹೋಗಾಕ ಮಕ್ಕಳ ಕಾರ್ಡ್ ಬೇಕು.

ಗಿರ್ಯಾ: ಗೇಟಿನಾಗ ಸ್ವಲ್ಪ ಮೊಳಕಾಲ ಮಡಚಿ ನಡಿ ಅಂತ ಈಗಿಂದ ರೂಢಿ ಮಾಡಸೋ.

ಶಂಕ್ರಣ್ಣ: ನಿನ್ನ ಕರ್ಕೊಂಡು ಹೋಗಲಿಲ್ಲಲ್ಲ, ಪುಣ್ಯಾ! ಇನ್ನೊಂದು, ರೈಲಿನಾಗ, ಸ್ಟೇಶನ್ನಿನಾಗ ತಿನ್ನೂದು ಕುಡಿಯೂದು ಎರಡೂ ಇಲ್ಲ. ದಂಡ 500 ಸಿಂಗಾಪುರ ಡಾಲರ್ ತನಕ, ನಮ್ಮ ಮೂವತ್ತು ಸಾವಿರಕ್ಕಿಂತ ಜಾಸ್ತಿ ಆತು. ಬಿಸ್ಕೀಟು, ಹಾಲು ಎಲ್ಲಾ ಸ್ಟೇಶನ್ನಿನ ಒಳಗ ಹೋಗೂ ಮೊದಲ ಮುಗಿಸು. ಕಾರ್ ಬೇಕಾದ್ರ ಟ್ಯಾಕ್ಸಿ ಹಿಡಿ. ಆ್ಯಪಿನ ಖಾಸಗಿ ಕಾರಿನಾಗ 1.35 ಮೀಟರಿಗಿಂತ ಗಿಡ್ಡ ಮಕ್ಕಳಿಗೆ ಮಕ್ಕಳ ಸೀಟ್ ಇರಾಕ ಬೇಕು, ಟ್ಯಾಕ್ಸಿಗೆ ಆ ನಿಯಮ ಇಲ್ಲ. ಬುಕ್ ಮಾಡಿದಾಂವ ಕೂಸು ನೋಡಿ ಬಾಗಲ ತೆರೀಲಿಲ್ಲ ಅಂದ್ರ ಸಿಟ್ಟಾಗಬ್ಯಾಡ.

ಅನಸೂಯಕ್ಕ: ವಿಮಾನದ್ದು ನಾ ಹೇಳ್ತೀನಿ. ಏರೂದಕ್ಕಿಂತ ಇಳಿಯೂವಾಗ ಕಿವಿ ಜಾಸ್ತಿ ನೋಯತಾವು. ಹೊರಗಿನ ಗಾಳಿ ಒತ್ತಡ ಏರತೈತಿ, ನುಂಗಿದಾಗ ಮೂಗಿನ ಹಿಂದಿನ ನಳಿಗಿ ತೆರದು ಸರಿಹೋಗತೈತಿ. ಇಳಿಯೂಕ ಅರ್ಧಾ ತಾಸ ಇದ್ದಾಗಿಂದ ಗುಟುಕು ಗುಟುಕಾಗಿ ನೀರು ಕೊಡ್ರಿ. ಮೊದಲ ಬಾಟ್ಲಿ ಖಾಲಿ ಮಾಡಿಸಿದ್ರ ಬೇಕಾದಾಗ ಕುಡಿಯಾಕ ಇರೂದಿಲ್ಲ. ನಿದ್ದಿ ಹತ್ತಿದ್ರ ಎಬ್ಬಸ್ರಿ, ನಿದ್ದಿಯಾಗ ನುಂಗೂದು ಕಡಿಮಿ. ನೆಗಡಿ ಇದ್ರ ಹೊರಡೂ ಮೊದಲ ಡಾಕ್ಟರಿಗೆ ತೋರಸ್ರಿ.

ಬಸ್ಯಾ: ಟಿಕೆಟ್ ಅರ್ಧಾ ಅಲ್ಲೇನು?

ಶಂಕ್ರಣ್ಣ: ಬಸ್ಸೇನು ಅದು? ಎರಡು ತುಂಬಿದ ಮ್ಯಾಲೆ ಸೀಟ್ ತಗೋಬೇಕು. ತೊಡಿ ಮ್ಯಾಲಿನ ಟಿಕೆಟ್ ಎರಡರೊಳಗಿನವರಿಗೆ ಅಷ್ಟ. ಪಾಸ್‌ಪೋರ್ಟ್ ಮಾಡಿಸಿದೇನು?

ಬಸ್ಯಾ: ಇನ್ನೂ ಇಲ್ಲ.

ಶಂಕ್ರಣ್ಣ: ಅದನ್ನ ಬಿಟ್ಟು ನೈಟ್ ಸಫಾರಿ ಬರೀತೀಯೇನೋ! ನಾಳೆನ ಅರ್ಜಿ ಹಾಕು. ಅಪ್ಪ ಅವ್ವ ಇಬ್ಬರ ಸಹಿ ಇರೂ ಅನೆಕ್ಸರ್ ಡಿ ಅನ್ನೂ ಒಪ್ಪಿಗಿ ಪತ್ರ, ಜನನ ಪ್ರಮಾಣಪತ್ರ ಬೇಕು. ನಾಲ್ಕರೊಳಗಿನ ಮಕ್ಕಳ ಫೋಟೋ ನೀನ ಒಯ್ಯಬೇಕು, 4.5 ಗುಣಿಲೆ 3.5 ಸೆಂಟಿಮೀಟರ್, ಹಿಂದ ಬಿಳಿ. ಎಂಟರೊಳಗಿದ್ರ ಫೀಸಿನಾಗ ನೂರಕ್ಕ ಹತ್ತು ಬಿಡತಾರ. ಪಾಸ್‌ಪೋರ್ಟ್ ಬಂದ ಮ್ಯಾಲೆ ವೀಸಾ, ಕೂಸಿಗೂ ಬ್ಯಾರೆ. ಆಮ್ಯಾಲೆ ಎಸ್‌ಜಿ ಅರೈವಲ್ ಕಾರ್ಡ್, ಅಂದ್ರ ಸಿಂಗಾಪುರದ ಒಳಗ ಹೋಗಾಕ ಆನ್‌ಲೈನಿನಾಗ ತುಂಬೂ ಫಾರ್ಮ್; ಮುಟ್ಟೂ ಮೊದಲ, ಮುಟ್ಟೂ ದಿನಾನೂ ಹಿಡದು ಮೂರು ದಿನದೊಳಗ ತುಂಬಬೇಕು, ಅದೂ ಕೂಸಿಗೆ ಬ್ಯಾರೆ. ಆ ಕಾರ್ಡಿಗೆ ಸರಕಾರ ಒಂದ ರೂಪಾಯಿ ತಗೋಳೂದಿಲ್ಲ. ರೊಕ್ಕ ಕೇಳಿದ್ರ ಅದು ಬ್ಯಾರೆ ಯಾರದೋ ಅಂಗಡಿ.

ಬಸ್ಯಾ: ಊಟದ ಚಿಂತಿ ಇಲ್ಲ. ಅವ್ವ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗೋಕಾಕ ಕರದಂಟು ಕಟ್ಟಿ ಕೊಡ್ತಾಳ.

ಶಂಕ್ರಣ್ಣ: ರೊಟ್ಟಿ, ಚಟ್ನಿ ಒಯ್ಯಿ. ಕರದಂಟಿಗೆ ಖಸಖಸಿ ಹಾಕಿದ್ದೈತೇನು ಕೇಳು. ಸಿಂಗಾಪುರದಾಗ ಖಸಖಸಿ ನಿಷೇಧ, ಮಾದಕ ವಸ್ತುವಿನ ಕಾಯ್ದೆಯಾಗ ಬರತೈತಿ. ದುಬೈದಾಗೂ ಹಂಗನ. ಮಸಾಲಿ ಪುಡಿಯಾಗ ಇದ್ರೂ ತೆಗೆದಿಡು. ಕೊಬ್ಬರಿ ಬಟ್ಟಲನೂ ಬ್ಯಾಡ. ಎಣ್ಣಿ ಇರೂದರಿಂದ ತಾನ ಕಾದು ಬೆಂಕಿ ಹತ್ತಬಹುದು ಅಂತ ವಿಮಾನದಾಗ ಬಿಡೂದಿಲ್ಲ.

ಬಸ್ಯಾ: ಅವ್ವ ನಿನ್ನೆನ ಎರಡು ಕಿಲೋ ತರಿಸ್ಯಾಳಲ್ರಿ, ಖಸಖಸಿ ಹಾಕಿದ್ದನ್ನ!

ಗಿರ್ಯಾ: ಕಾಯ್ದೆ ಅಂದ್ರ ಕಾಯ್ದೆ. ಡಬ್ಬಿ ಇಲ್ಲಿಗೆ ತಾ, ನಾವ ವಿಲೇವಾರಿ ಮಾಡ್ತೀವಿ.