ಹಳೇ ವಾಲ್ಟ್ಸ್, ಹೊಸ ವಾಲ್ಟ್ಸ್ (ಮೂರೆಣಿಕೆಗೆ ಜೋಡಿಯಾಗಿ ಸುತ್ತುವ ನೃತ್ಯ) ಎರಡನ್ನೂ ಒಂದೇ ವೇದಿಕೆಯಲ್ಲಿ ಮಾಡಿದವರು ಇದ್ದೀರಾ?

ಪ್ರಶ್ನೆ: ನಾನೂ ನನ್ನ ಗಂಡನೂ ಲೀಡ್ಸ್‌ನಲ್ಲಿದ್ದೇವೆ. ಎರಡು ವರ್ಷದಿಂದ ಬಾಲ್‌ರೂಮ್ ಅನ್ನೋ ಜೋಡಿ ನೃತ್ಯದ ಕ್ಲಾಸಿಗೆ ಹೋಗುತ್ತಿದ್ದೇವೆ. ಮಾರ್ಚ್‌ನಲ್ಲಿ ಹತ್ತು ನಿಮಿಷದ ಕಾರ್ಯಕ್ರಮ ಕೊಡಿ ಅಂತ ಕೇಳಿದ್ದಾರೆ. ಹಳೇ ಅರಮನೆ ಕಾಲದ ಮಿನುಯೆಟ್‌ನಿಂದ ಹಿಡಿದು ಚುರುಕು ಹೆಜ್ಜೆಯ ಕ್ವಿಕ್‌ಸ್ಟೆಪ್ ತನಕ ಆರು ನೃತ್ಯ ಮಾಡೋಣ ಅಂತ ಆಸೆ. ಹೊಸವು ಬರುತ್ತವೆ, ಹಳೆಯವು ಗೊತ್ತಿಲ್ಲ. ಅಭ್ಯಾಸಕ್ಕೆ ನಿಂತರೆ ಜಗಳ ಬೇರೆ. ಅನುಭವ ಇದ್ದವರು ಹೇಳ್ತೀರಾ?

ಉತ್ತರ 1: ಹತ್ತು ನಿಮಿಷಕ್ಕೆ ಆರು ಜಾಸ್ತಿ ಆಯ್ತು. ನಾವಿಬ್ಬರೂ ಮೊದಲ ಸಲ ಐದು ಇಟ್ಟುಕೊಂಡಿದ್ದೆವು. ನೆಗೆದು ನೆಗೆದು ಆಡುವ ಪೋಲ್ಕಾ ನೃತ್ಯ ಮುಗಿಯುವಷ್ಟರಲ್ಲಿ ಉಸಿರು ಕಿತ್ತುಕೊಂಡು ಬಂದಿತ್ತು. ಆಮೇಲಿನ ಸ್ಲೋ ಫಾಕ್ಸ್‌ಟ್ರಾಟ್‌ನಲ್ಲಿ ಜನ ನೋಡಿದ್ದು ನಮ್ಮ ಏದುಸಿರನ್ನೇ. ಮೂರು ಸಾಕು: ಮಿನುಯೆಟ್, 19ನೇ ಶತಮಾನದ ವಾಲ್ಟ್ಸ್, ಕೊನೆಗೆ 1920ರ ದಶಕದ ಕ್ವಿಕ್‌ಸ್ಟೆಪ್.

ಹಳೆಯದನ್ನು ಕಲಿಯೋದು ಅಷ್ಟು ಕಷ್ಟ ಅಲ್ಲ. ಹೊಸದನ್ನು ಮರೆಯೋದು ಕಷ್ಟ. ಈಗಿನ ವಾಲ್ಟ್ಸ್‌ನಲ್ಲಿ ಇಬ್ಬರ ಮೈ ತಾಗಿರುತ್ತದೆ, ಹೆಂಗಸಿನ ತಲೆ ಎಡಕ್ಕೆ ವಾಲಿರುತ್ತದೆ, ಮುಂದೆ ಹೋಗುವಾಗ ಹಿಮ್ಮಡಿ ಮೊದಲು ಊರುತ್ತೇವೆ. ಹಳೇದರಲ್ಲಿ ಇದ್ಯಾವುದೂ ಇಲ್ಲ. ಮಧ್ಯೆ ಜಾಗ ಬಿಟ್ಟು ನೆಟ್ಟಗೆ ನಿಲ್ಲಬೇಕು. ಹೆಜ್ಜೆ ಚಿಕ್ಕದು, ಕಾಲ್ಬೆರಳು ಮೊದಲು. ನಮ್ಮ ಯಜಮಾನರ ಹಿಮ್ಮಡಿ ಮಾತ್ರ ಟಕ್ ಅಂತ ಊರುತ್ತಲೇ ಇತ್ತು. "ಸದ್ದು ಕೇಳಿಸಿದರೆ ನೂರು ವರ್ಷ ಮುಂದೆ ಹೋದಿರಿ ಅಂತ ಲೆಕ್ಕ" ಅನ್ನುತ್ತಿದ್ದೆ. ಮೊದಲೆರಡು ತಿಂಗಳು ಹಳೆಯದಕ್ಕೆ ಒಂದು ದಿನ, ಹೊಸದಕ್ಕೆ ಇನ್ನೊಂದು ದಿನ ಇಟ್ಟುಕೊಂಡ ಮೇಲೇ ಸರಿಹೋಯಿತು.

ಮಿನುಯೆಟ್‌ಗೆ ಹೆದರಬೇಡಿ. ಆರು ಎಣಿಕೆಯಲ್ಲಿ ನಾಲ್ಕು ಹೆಜ್ಜೆ: 1, 3, 4, 5. ತಾಳ ಹಾಕಿ ಅಭ್ಯಾಸ ಇದ್ದವರಿಗೆ ಬೇಗ ಹಿಡಿಯುತ್ತದೆ. ಆದರೆ ಭರತನಾಟ್ಯ ಕಲಿತಿದ್ದರೆ ಜೋಪಾನ. ನಾನು ಮಂಡಿ ಬಗ್ಗಿಸಿದರೆ ಸೀದಾ ಅರಮಂಡಿಗೇ ಹೋಗುತ್ತಿದ್ದೆ! ಇಲ್ಲಿ ಚೂರೇ ಚೂರು ಬಗ್ಗಿ ಏಳಬೇಕು.

ಇನ್ನೊಂದು. ವಾಲ್ಟ್ಸ್‌ಗೆ ಮುಂಚೆ ಎರಡು ಮಾತು ಹೇಳಿ. 1816ರಲ್ಲಿ ಇಂಗ್ಲೆಂಡಿನ ಯುವರಾಜನ ಕೂಟದಲ್ಲಿ ವಾಲ್ಟ್ಸ್ ಆಡಿದರು ಅಂತ ಲಂಡನ್ನಿನ ದಿ ಟೈಮ್ಸ್ ಪತ್ರಿಕೆ ಕೆಂಡ ಕಾರಿತ್ತು, ಅಸಭ್ಯ ಅಂತ. ಇದು ಗೊತ್ತಾದರೆ ಜನ ನಿಮ್ಮ ಕಾಲು ಬಿಟ್ಟು ಸೊಂಟದ ಮೇಲಿನ ಕೈ ನೋಡುತ್ತಾರೆ. ಹೆಜ್ಜೆ ತಪ್ಪಿದ್ದೂ ಗೊತ್ತಾಗಲ್ಲ.

ಉತ್ತರ 2: ಬಟ್ಟೆ ಬಗ್ಗೆ ಯಾರೂ ಹೇಳಲಿಲ್ಲ. ಇವತ್ತಿನಿಂದಲೇ ಉದ್ದ ಲಂಗ ಹಾಕಿಕೊಂಡು ಅಭ್ಯಾಸ ಮಾಡಿ. ನಾನು ಹಳೇ ಬೆಡ್‌ಶೀಟ್ ಹೊಲಿದುಕೊಂಡಿದ್ದೆ. 1850ರ ದಶಕದ, ಒಳಗೆ ದೊಡ್ಡ ಬಳೆಗಳ ಚೌಕಟ್ಟು ಇರುವ ಅಗಲದ ಲಂಗ ಬೇಕು ಅಂದರೆ ಗಂಡನಿಗೆ ತನ್ನ ಕಾಲೇ ಕಾಣಿಸಲ್ಲ, ಅದಕ್ಕೂ ರೂಢಿ ಬೇಕು. ಕ್ವಿಕ್‌ಸ್ಟೆಪ್ ಬಟ್ಟೆ ಒಳಗೆ, ಲಂಗ ಮೇಲೆ, ವೆಲ್ಕ್ರೋ ಹಚ್ಚಿಬಿಡಿ. ಶೂ ಅಡಿಯ ಸ್ವೀಡ್ ಚರ್ಮವನ್ನು ತಂತಿ ಬ್ರಷ್‌ನಲ್ಲಿ ಉಜ್ಜಿಕೊಂಡು ಹೋಗಿ. ಒಂದು ಹಾಲಿನಲ್ಲಿ ನೆಲಕ್ಕೆ ಆಗತಾನೇ ಪಾಲಿಶ್ ಹಾಕಿದ್ದರು. ನಾನು ಮೂರನೇ ಸುತ್ತಿಗೆ ಕೂತೇಬಿಟ್ಟೆ.

ಉತ್ತರ 3: ವಿಯೆನ್ನಾದಿಂದ ಬರೆಯುತ್ತಿದ್ದೇನೆ. ವಿಯೆನ್ನೀಸ್ ವಾಲ್ಟ್ಸ್ ಅಂದರೆ ನಿಮಿಷಕ್ಕೆ ಸುಮಾರು 180 ಎಣಿಕೆ. ನಿಮ್ಮ ಕ್ಲಾಸಿನ ಸ್ಲೋ ವಾಲ್ಟ್ಸ್ ಅದರ ಅರ್ಧ. ಸಂಗೀತ ಕಛೇರಿಯ ರೆಕಾರ್ಡಿಂಗ್ ಹಾಕಬೇಡಿ. ಇಲ್ಲಿನ ಸಂಗೀತಗಾರ ಸ್ಟ್ರಾಸ್‌ನ ವಾಲ್ಟ್ಸ್‌ಗಳಲ್ಲಿ ಶುರುವಿಗೆ ಉದ್ದದ ಪೀಠಿಕೆ ಇರುತ್ತದೆ, ನಡುನಡುವೆ ಲಯ ಎಳೆಯುತ್ತಾರೆ. ಕಾಲು ಎತ್ತಿಕೊಂಡು ನಿಂತಿರಬೇಕಾಗುತ್ತದೆ, ಅಷ್ಟೇ. ಕುಣಿತಕ್ಕೆಂದೇ ಒಂದೇ ಲಯದಲ್ಲಿ ನುಡಿಸಿದ್ದು ಸಿಗುತ್ತದೆ. ಎಡಕ್ಕೆ ಸುತ್ತುವ ವಾಲ್ಟ್ಸ್ ಅಂದರೆ ಇಲ್ಲಿಯವರಿಗೆ ಬಲು ಹೆಮ್ಮೆ. ನೀವು ಮಾರ್ಚ್‌ಗೆ ಅದರ ತಂಟೆಗೆ ಹೋಗಬೇಡಿ. ಇಲ್ಲಿನ ಬಾಲ್‌ಗಳಲ್ಲಿ ನಡುರಾತ್ರಿ ಕ್ವಾಡ್ರಿಲ್ (ಜೋಡಿಗಳು ಎದುರುಬದುರು ನಿಂತು ಮಾಡುವ ಗುಂಪು ನೃತ್ಯ) ಆಡಿಸುತ್ತಾರೆ, ಊರಿನವರೇ ತಪ್ಪಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡು ನಗುತ್ತಾರೆ.

ಉತ್ತರ 4: ಜಗಳಕ್ಕೆ ಮದ್ದು, ಗಂಡನ ಕಡೆಯಿಂದ. ಹಾಡು ಓಡುವಾಗ ತುಟಿ ಬಿಚ್ಚುವ ಹಾಗಿಲ್ಲ. ಫೋನಿನಲ್ಲಿ ವೀಡಿಯೋ ಮಾಡಿ. ನೋಡುವಾಗ ಅವರವರ ತಪ್ಪನ್ನು ಅವರವರೇ ಹೇಳಬೇಕು. ಮೊದಲ ವಾರ ನಾನು ಸುಮ್ನೆ ಕೂತಿದ್ದೆ, ನನ್ನ ತಪ್ಪೇನೂ ಕಾಣಿಸಲಿಲ್ಲ. ಎರಡನೇ ವಾರ ಹನ್ನೊಂದು ಸಿಕ್ಕವು.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಮೂರಕ್ಕೆ ಇಳಿಸಿದ್ದೇವೆ. ಪೋಲ್ಕಾ ಬಿಟ್ಟಿದ್ದಕ್ಕೆ ಇವರಿಗೆ ಬೇಜಾರು. ಆದರೂ ನಿನ್ನೆಯಿಂದ ಅಡುಗೆಮನೆಗೂ ತುದಿಗಾಲಲ್ಲೇ ಬರುತ್ತಿದ್ದಾರೆ. ಲೀಡ್ಸ್ ಹತ್ತಿರ ಯಾರ ಬಳಿಯಾದರೂ ಬಳೆ ಲಂಗ ಇದ್ದರೆ ಮಾರ್ಚ್‌ಗೆ ಒಂದು ದಿನ ಕೊಡ್ತೀರಾ?