ಚಿಕ್ಕಪ್ಪನ ಮೊಣಕೈ ನೋವಿಗೆ ಉತ್ತರ

ಚಿಕ್ಕಪ್ಪ, ಬಲ ಮೊಣಕೈಯ ಒಳಮಗ್ಗುಲಿನ ನೋವು ತಿಂಗಳುಗಳಾದರೂ ಇಳಿದಿಲ್ಲ, ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡು ಮತ್ತೆ ಗಾಲ್ಫ್ ಆಡಬಹುದೇ ಎಂದು ಕೇಳಿದ್ದೀರಿ. ಉತ್ತರ ಸ್ವಲ್ಪ ಉದ್ದವಾಗುತ್ತದೆ, ಬಿಡುವಾದಾಗ ಪೂರ್ತಿ ಕೇಳಿಸಿಕೊಳ್ಳಿ.

ನೀವು ಹೇಳಿದ ಲಕ್ಷಣಗಳು ಗಾಲ್ಫರ್ಸ್ ಎಲ್ಬೋಗೆ ಹೊಂದುತ್ತವೆ. ಮಣಿಕಟ್ಟನ್ನೂ ಬೆರಳುಗಳನ್ನೂ ಒಳಕ್ಕೆ ಬಗ್ಗಿಸುವ ಸ್ನಾಯುಗಳಲ್ಲಿ ಹೆಚ್ಚಿನವು ಮೊಣಕೈಯ ಒಳಬದಿಯ ಮೂಳೆಯ ಉಬ್ಬಿಗೆ ಒಂದೇ ಸ್ನಾಯುರಜ್ಜುವಿನಿಂದ ಅಂಟಿಕೊಂಡಿರುತ್ತವೆ. ಕ್ಲಬ್ಬನ್ನು, ಅಂದರೆ ಗಾಲ್ಫ್ ಕೋಲನ್ನು, ಬಿಗಿಯಾಗಿ ಹಿಡಿದು ಚೆಂಡಿಗಿಂತ ಮೊದಲು ನೆಲಕ್ಕೆ ಹೊಡೆದಾಗ, ಅದರಲ್ಲೂ ಅಭ್ಯಾಸದ ಗಟ್ಟಿ ಮ್ಯಾಟ್ ಮೇಲೆ, ಆ ಪೆಟ್ಟು ನೇರವಾಗಿ ಅಲ್ಲಿಗೇ ಬೀಳುತ್ತದೆ. ಬಕೆಟ್‌ಗಟ್ಟಲೆ ಚೆಂಡು ಹೊಡೆದು ಕೈಗೆ ಚೇತರಿಸಿಕೊಳ್ಳಲು ಬಿಡುವು ಕೊಡದಿದ್ದರೆ ರಜ್ಜುವಿನ ಎಳೆಗಳ ಜೋಡಣೆಯೇ ಕೆಡುತ್ತದೆ. ಹಳೆಯ ನೋವಿನಲ್ಲಿ ಉರಿಯೂತಕ್ಕಿಂತ ಈ ಸವಕಳಿಯೇ ಹೆಚ್ಚಾಗಿರುವುದರಿಂದ ಇಂಜೆಕ್ಷನ್ ಕೆಲವು ವಾರ ನೋವನ್ನು ಅಡಗಿಸುತ್ತದೆಯೇ ಹೊರತು ರಜ್ಜುವನ್ನು ಸರಿಪಡಿಸುವುದಿಲ್ಲ. ಪದೇಪದೇ ಹಾಕಿಸಿಕೊಂಡರೆ ರಜ್ಜು ಇನ್ನಷ್ಟು ದುರ್ಬಲವಾಗುವ ಅಪಾಯವೂ ಇದೆ. ನೋವು ಅಡಗಿದ ಮರುದಿನವೇ ನೀವು ದೂರದ ಹೊಡೆತದ ಉದ್ದನೆಯ ಕ್ಲಬ್ಬಾದ ಡ್ರೈವರ್ ಹಿಡಿಯುತ್ತೀರಿ ಎಂದು ಗೊತ್ತಿರುವುದರಿಂದ, ನಾನಂತೂ ಆ ದಾರಿಗೆ ಒಪ್ಪುವುದಿಲ್ಲ.

ರಜ್ಜುವಿಗೆ ಬೇಕಾಗಿರುವುದು ನಿಧಾನವಾಗಿ ಏರುವ ಭಾರ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಮೇಲ್ಮುಖವಾಗಿ, ಮಣಿಕಟ್ಟು ಅಂಚಿನಿಂದ ಹೊರಗಿರುವಂತೆ ಹಗುರವಾದ ಡಂಬೆಲ್ ಹಿಡಿಯಿರಿ. ಎಡಗೈಯ ಆಸರೆಯಿಂದ ಅದನ್ನು ಮೇಲೆತ್ತಿ, ಇಳಿಸುವಾಗ ಬಲಗೈಯೊಂದರಿಂದಲೇ ನಾಲ್ಕೈದು ಸೆಕೆಂಡು ತೆಗೆದುಕೊಂಡು ಇಳಿಸಿ. 15 ಬಾರಿಯಂತೆ 3 ಸುತ್ತು ಮಾಡಬಹುದು. ಮಾಡುವಾಗ ಸಣ್ಣಗೆ ನೋಯುವುದು ಸಹಜ. ಮರುದಿನ ಬೆಳಗ್ಗೆ ನೋವು ಏರಿದ್ದರೆ ಭಾರ ಇಳಿಸಬೇಕು. ಗುಣ ಕಾಣಲು 6ರಿಂದ 12 ವಾರ ಹಿಡಿಯುತ್ತದೆ, ಅದನ್ನು ಫಿಸಿಯೋಥೆರಪಿಸ್ಟ್ ಎದುರಿಗೇ ಶುರುಮಾಡಿದರೆ ಒಳ್ಳೆಯದು. ಎಲ್ಬೋ ಪಟ್ಟಿ ಕಟ್ಟುವುದಾದರೆ ನೋಯುವ ಜಾಗದ ಮೇಲಲ್ಲ, ಅದಕ್ಕಿಂತ ಸ್ವಲ್ಪ ಕೆಳಗೆ ಸ್ನಾಯು ದಪ್ಪಗಿರುವಲ್ಲಿ ಕಟ್ಟಿ. ಐಸ್ ಮತ್ತು ಮಾತ್ರೆಗಳು ತಾತ್ಕಾಲಿಕ ಶಮನಕ್ಕಷ್ಟೇ.

ಉಂಗುರಬೆರಳು, ಕಿರುಬೆರಳು ಜುಮ್ಮೆನ್ನುತ್ತಿದ್ದರೆ ಪಕ್ಕದಲ್ಲೇ ಹಾಯ್ದುಹೋಗುವ ನರಕ್ಕೂ ಒತ್ತಡ ಬಿದ್ದಿರಬಹುದು, ಆಗ ಕಾಯದೆ ಮೂಳೆ ವೈದ್ಯರಿಗೆ ತೋರಿಸಿ. ಶಸ್ತ್ರಚಿಕಿತ್ಸೆಯ ಮಾತು ಬರುವುದು ಆರು ತಿಂಗಳಿಂದ ಒಂದು ವರ್ಷದ ಚಿಕಿತ್ಸೆಯೂ ಫಲಿಸದಿದ್ದಾಗ ಮಾತ್ರ.

ಆಟಕ್ಕೆ ಮರಳುವಾಗ ಮೊದಲು ಪಟ್ಟಿಂಗ್ (ಚೆಂಡನ್ನು ಕುಳಿಯತ್ತ ಮೆಲ್ಲಗೆ ಉರುಳಿಸುವುದು), ಅನಂತರ ಹುಲ್ಲಿನ ಮೇಲೆ ಚಿಪ್ಪಿಂಗ್ (ಸ್ವಲ್ಪ ದೂರಕ್ಕೆ ಚಿಮ್ಮಿಸುವ ಚಿಕ್ಕ ಹೊಡೆತ), ಅದು ನೋಯದಿದ್ದರೆ ಶಾರ್ಟ್ ಐರನ್‌ಗಳು (ಗಿಡ್ಡ ಹಿಡಿಯ ಕ್ಲಬ್ಬುಗಳು), ಡ್ರೈವರ್ ಎಲ್ಲಕ್ಕಿಂತ ಕೊನೆಗೆ. ಕ್ಲಬ್ಬುಗಳ ಗ್ರಿಪ್ ಸವೆದಿದ್ದರೆ ಅಷ್ಟರೊಳಗೆ ಬದಲಾಯಿಸಿಬಿಡಿ, ನುಣುಪಾದ ಗ್ರಿಪ್ ಜಾರದಂತೆ ಹಿಡಿಯಲು ಕೈ ತಾನಾಗಿಯೇ ಬಿಗಿಯುತ್ತದೆ.